ಬೆನ್ನು ನೋಡಿ ನೋವು ಹೇಳುವವರು

ಸವಾರನ ಬೆನ್ನು ನೋಡಿಯೇ ಅವನಿಗೆ ನೋವೆಲ್ಲಿದೆ ಎಂದು ಹೇಳುವುದರಲ್ಲಿ ದಫೇದಾರ್ ಬಾಬು ಜಾನ್ ಅವರಿಗೆ ಸಮನಾದವರು ಮದ್ದೂರಿನಲ್ಲಿ ಇರಲಿಲ್ಲ. ಮಳವಳ್ಳಿ ಕಡೆಯ ಗೌಡರ ಮಗನೊಬ್ಬ ಕುದುರೆ ಹತ್ತಿ ಎರಡು ಸುತ್ತು ಬರುವುದರೊಳಗೆ, ಬಲತೊಡೆಯ ಒಳಗೆ ಕುರು ಎದ್ದಿದೆ, ಇಳಿದು ಹೋಗಿ ಬೇವಿನ ಸೊಪ್ಪು ಅರೆದು ಕಟ್ಟಿಕೋ ಎಂದಿದ್ದರು. ಇನ್ನೊಬ್ಬ ಪೊಲೀಸಿನವನಿಗೆ, ಸವಾರಿ ಕೆಟ್ಟಿಲ್ಲಪ್ಪ, ಕೆಟ್ಟಿರೋದು ನಿನ್ನ ಎಡಗಡೆ ದವಡೆ ಹಲ್ಲು ಎಂದು ಹೇಳಿ ಬೀದಿಯನ್ನೆಲ್ಲ ನಗಿಸಿದ್ದರು. ಹಲ್ಲು ನಿಜವಾಗಿಯೂ ಹುಳುಕಾಗಿತ್ತು. ಆ ಕಥೆ ಸಂತೆಯಿಂದ ಸಂತೆಗೆ ಹಬ್ಬಿ, ಕುದುರೆಯೇ ಇಲ್ಲದವರು ಸಹ ಸಾಬರ ಹಿತ್ತಿಲಿಗೆ ಬಂದು ಬೆನ್ನು ತೋರಿಸಿ ಹೋಗುತ್ತಿದ್ದರು.

ಆ ಹಿತ್ತಿಲಿನಲ್ಲಿ ಒಂದು ಹುಣಸೆ ಮರ, ಅದರ ಕೆಳಗೆ ಒಂದು ಮರದ ಕುದುರೆ. ಕುದುರೆಯೆಂದರೆ ದಪ್ಪ ಹುಣಸೆ ದಿಮ್ಮಿಗೆ ನಾಲ್ಕು ಕಾಲು ಜಡಿದು, ಮೇಲೆ ಹಳೆಯ ಜೀನು ಬಿಗಿದದ್ದು. ಹೊಸಬರು ಮೊದಲು ಅದರ ಮೇಲೆ ಕೂರಬೇಕು. ಕಿವಿ, ಭುಜ, ಸೊಂಟ, ಹಿಮ್ಮಡಿ ನಾಲ್ಕೂ ಒಂದೇ ಗೆರೆಯಲ್ಲಿ ಬರುವವರೆಗೆ ನಿಜವಾದ ಕುದುರೆಯನ್ನು ಮುಟ್ಟುವಂತಿಲ್ಲ. ಗಾರೆ ಕೆಲಸದವರ ತೂಗುಗುಂಡನ್ನು ಪಕ್ಕದಲ್ಲಿ ಹಿಡಿದು ಆ ಗೆರೆ ನೋಡುತ್ತಿದ್ದರು. ಮಂಡಿಗೂ ಜೀನಿಗೂ ನಡುವೆ ಒಂದು ಹೊಂಗೆ ಎಲೆ ಸಿಕ್ಕಿಸಿ, ಅದು ಬಿದ್ದರೆ ಆವತ್ತಿನ ಪಾಠ ಮುಗಿಯಿತು ಅನ್ನುತ್ತಿದ್ದರು. ಬಿಂದಿಗೆ ಹೊತ್ತ ಹೆಂಗಸು ನಡೆಯುವುದನ್ನು ನೋಡಿ ಬನ್ನಿ ಎಂದು ಗೌಡರ ಮಕ್ಕಳನ್ನು ಬಾವಿಯ ದಾರಿಗೆ ಕಳಿಸುತ್ತಿದ್ದರು. ಸೊಂಟ ಆಡಬೇಕು, ತಲೆ ಆಡಬಾರದು. ನೋಡಿ ಬರಲು ಹೋದವರು ಬೈಸಿಕೊಂಡು ಬರುತ್ತಿದ್ದರು.

ಮನೆಯೊಳಗೆ ಅವರಾಡುತ್ತಿದ್ದುದು ತಮ್ಮ ಉರ್ದು. ಹಿತ್ತಿಲಿನ ಪಾಠ ಮಾತ್ರ ಕನ್ನಡ, ಕಲಿಯಲು ಬರುವವರೆಲ್ಲ ಸುತ್ತಲ ಹಳ್ಳಿಯವರಾದ್ದರಿಂದ. ಪಾಠ ಹೇಳುವಾಗ ಮಗ ಅಕ್ರಂ ಪಾಷಾನಿಗೂ ಕನ್ನಡವೇ.

ಅಡುಗೆಮನೆಗೂ ಹಿತ್ತಿಲಿಗೂ ನಡುವೆ ಒಂದು ಗೋಣಿಯ ಪರದೆ. ಪರದೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಅಕ್ರಂನ ಅಕ್ಕ ನಜ್ಮುನ್ನೀಸಾ ಹತ್ತು ವರ್ಷ ತುಂಬುವವರೆಗೆ ಆ ಮರದ ಕುದುರೆಯ ಮೇಲೆ ಕೂತೇ ಬೆಳೆದವಳು. ಅವಳ ಮಂಡಿಯಿಂದ ಹೊಂಗೆ ಎಲೆ ಒಮ್ಮೆಯೂ ಬೀಳಲಿಲ್ಲವೆಂದು ಬಾಬು ಜಾನ್ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ಆಮೇಲೆ ಪರದೆ ಬಂತು. ಅಲ್ಲಿಂದ ಅವಳದು ತೂತಿನಿಂದ ನೋಡುವ ಪಾಲು. ಮಾತು ಮೊದಲೇ ಕಡಿಮೆ. ಅಪ್ಪನ ಎದುರಿಗಂತೂ ಅವಳ ಬಾಯಿಂದ ಬರುತ್ತಿದ್ದುದು ಊಟಕ್ಕೆ ಬನ್ನಿ, ನೀರು ಕಾದಿದೆ, ಇಷ್ಟೇ. ಆದರೆ ಇಷ್ಟು ವರ್ಷ ನೋಡಿ ನೋಡಿ, ಯಾವ ಬೆನ್ನಿಗೆ ಅಪ್ಪ ಏನು ಹೇಳುತ್ತಾರೆಂಬುದು ಅವರು ಹೇಳುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾಗಿ ವರ್ಷ ದಾಟಿತ್ತು. ಕುದುರೆ ಪಡೆಯಾದ ರಿಸಾಲೆಗೆ ಸವಾರರನ್ನು ಆರಿಸಲು ಸಾಹೇಬರು ಬರುತ್ತಾರೆ, ಹೊಳೆಯಾಚೆಯ ಬಯಲಿನಲ್ಲಿ ಪರೀಕ್ಷೆ ಎಂದು ಡಂಗುರವಾಯಿತು. ಮೊದಲು ಸವಾರಿ, ಅದರಲ್ಲಿ ಗೆದ್ದವರಿಗೆ ಮೈಸೂರಿನಲ್ಲಿ ಡಾಕ್ಟರ ತಪಾಸಣೆ. ಬಾಬು ಜಾನ್ ಅವರ ಅಜ್ಜ ಸವಾರ, ಅಪ್ಪ ಸವಾರ. ಬಾಬು ಜಾನ್ ಮೇಲೆಯೇ ಒಮ್ಮೆ ಕುದುರೆ ಉರುಳಿ ಮಂಡಿ ಮುರಿದು, ನೌಕರಿ ಅರ್ಧದಲ್ಲಿ ನಿಂತು ಮನೆಗೆ ಬಂದವರು. ಕುಂಟುತ್ತಿದ್ದರೂ ಬೆನ್ನು ಮಾತ್ರ ಕಂಬ. ಉಳಿದರ್ಧವನ್ನು ಅಕ್ರಂ ಮುಗಿಸಬೇಕು ಎಂಬುದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಕ್ರಂಗೂ ಬೇರೆ ಆಸೆ ಇರಲಿಲ್ಲ. ಮೂರು ತಿಂಗಳ ಮುಂಚೆಯೇ ಕನ್ನಡಿಯ ಮುಂದೆ ನಿಂತು ಸಲಾಮು ಹೊಡೆಯುವುದನ್ನು ರೂಢಿ ಮಾಡುತ್ತಿದ್ದ.

ನಾಲೆ ಬಂದ ಮೇಲೆ ಆ ಸೀಮೆಗೆ ಗದ್ದೆ ಬಂದಿತ್ತು, ಕಬ್ಬು ಬಂದಿತ್ತು, ಜೊತೆಗೆ ಚಳಿಜ್ವರವೂ ಬಂದಿತ್ತು. ದಿನ ಬಿಟ್ಟು ದಿನ ನಡುಗುವುದು, ಬೆವರುವುದು, ಎದ್ದು ಕೆಲಸಕ್ಕೆ ಹೋಗುವುದು ಎಲ್ಲರ ಮನೆಯ ಪಾಡು. ಜ್ವರ ಬಿಟ್ಟು ಹೋದರೂ ಎಡಪಕ್ಕೆಯ ಕೆಳಗೆ ಜ್ವರಗಡ್ಡೆಯನ್ನು ಬಿಟ್ಟೇ ಹೋಗುತ್ತಿತ್ತು. ಮಕ್ಕಳ ಹೊಟ್ಟೆ ನೋಡಿದರೆ ಸಾಕು. ಹಾಗಾಗಿ ಆ ಬೇಸಿಗೆಯಲ್ಲಿ ಅಕ್ರಂ ಮಲಗಿ ಎದ್ದಾಗ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ಎದ್ದವನು ಕುದುರೆ ಹತ್ತಿದಾಗ ಅವನ ಬೆನ್ನು ಮೊದಲಿನಂತಿರಲಿಲ್ಲ. ಎಡಗಡೆಗೆ ಒಂದಿಷ್ಟು ವಾಲಿ, ಮುಂದಕ್ಕೆ ಒಂದಿಷ್ಟು ಬಾಗಿ ಕೂರುತ್ತಿದ್ದ. ಹೆಣ್ಣುಕುದುರೆ ಬಿಜ್ಲಿ ಓಟಕ್ಕೆ ಇಳಿದರೆ ಇನ್ನೂ ಬಾಗುತ್ತಿದ್ದ.

"ಏನ್ಲಾ, ಗೊಬ್ಬರದ ಗಾಡಿ ಮೇಲೆ ಕೂತಂಗೆ ಕೂತಿದ್ದೀಯ," ಅಂದರು ಬಾಬು ಜಾನ್. "ರಿಸಾಲೆಗೆ ಓಯ್ತೀಯೋ, ಸಕ್ಕರೆ ಕಾರ್ಖಾನೆಗೆ ಕಬ್ಬು ತಕ್ಕೊಂಡು ಓಯ್ತೀಯೋ?"

ಕಲಿಯಲು ಬಂದಿದ್ದವರು ನಕ್ಕರು. ಅಕ್ರಂ ಕೂಡ ನಕ್ಕು ನೆಟ್ಟಗಾದ, ಮರದ ಆಚೆ ತಿರುಗುವಷ್ಟರಲ್ಲಿ ಮತ್ತೆ ಬಾಗಿದ. ಮಾರನೆಯ ದಿನ ಬಾಬು ಜಾನ್ ರಿಸಾಲೆಯ ಹಳೆಯ ಉಪಾಯ ತೆಗೆದರು. ಬೆನ್ನ ಹಿಂದೆ ಅಡ್ಡವಾಗಿ ಒಂದು ಬಿದಿರು ಕೋಲು, ಎರಡೂ ಮೊಣಕೈ ಅದಕ್ಕೆ ಸಿಕ್ಕಿಸಿ, ನಡುವಿಗೆ ಬಟ್ಟೆ ಬಿಗಿದು ಕಟ್ಟುವುದು. ಕೂಗಿದರೆ ಬಿಜ್ಲಿ ಬೆದರುತ್ತದೆಂದು ಬಾಯಿ ಮಾತು ನಿಲ್ಲಿಸಿದರು. ಹುಣಸೆ ಮರದಡಿ ನಿಂತು ಬಲಗೈ ಎತ್ತುವರು. ಕೈ ಮೇಲೆದ್ದರೆ ಬೆನ್ನು ನೆಟ್ಟಗಾಗಬೇಕು. ವಾರ ಕಳೆಯುವುದರಲ್ಲಿ ಅಕ್ರಂಗೆ ಅದು ಎಷ್ಟು ಮೈಗೂಡಿತೆಂದರೆ, ಅಪ್ಪ ಹುಣಸೆ ಚಿಗುರು ಕೀಳಲು ಕೈ ಚಾಚಿದರೂ ಅವನು ಸೆಟೆದು ಕೂರುತ್ತಿದ್ದ.

ಪರದೆಯ ಹಿಂದೆ ನಿಂತ ನಜ್ಮುನ್ನೀಸಾ ಆ ವಾಲುವಿಕೆಯನ್ನು ದಿನವೂ ನೋಡುತ್ತಿದ್ದಳು. ಬೇರೆ ಯಾರೇ ಆ ಬೆನ್ನು ಹೊತ್ತು ಬಂದಿದ್ದರೂ ಅಪ್ಪ ಮೊದಲನೆಯ ಸುತ್ತಿನಲ್ಲೇ ಇಳಿಸುತ್ತಿದ್ದರು. ಯಾಕೆ ಇವನನ್ನು ಇಳಿಸುತ್ತಿಲ್ಲ?

ಒಂದು ಮಧ್ಯಾಹ್ನ ಮತ್ತೆ ಜ್ವರ ಏರಿ ಅಕ್ರಂ ಒಳಮನೆಯಲ್ಲಿ ಮಲಗಿದ್ದಾಗ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ, ಯಾಕೆ ವಾಲಿ ಕೂರುತ್ತೀಯ ಎಂದು ನಜ್ಮುನ್ನೀಸಾ ಕೇಳಿದಳು. ಅವನು ಮಾತಾಡದೆ ಅವಳ ಕೈ ಹಿಡಿದು ತನ್ನ ಎಡಪಕ್ಕೆಯ ಕೆಳಗೆ ಇಟ್ಟುಕೊಂಡ. ಗಡ್ಡೆ ಪಕ್ಕೆಲುಬಿನ ಅಂಚು ದಾಟಿ ಹೊಕ್ಕುಳಿನ ಹತ್ತಿರ ಬಂದಿತ್ತು. ಸ್ವಲ್ಪ ಒತ್ತಿದ್ದಕ್ಕೇ ಅವನ ಕಣ್ಣಲ್ಲಿ ನೀರಾಡಿತು.

"ಅಬ್ಬಾಗೆ ಹೇಳ್ತೀನಿ," ಅಂದಳು.

"ಹೇಳಿದ್ರೆ ಕುದುರೆ ಹತ್ತಕ್ಕೇ ಬುಡಲ್ಲ, ಆಪಾ. ಆಮೇಲೆ ಇಬ್ರೂ ಈ ಹಿತ್ತಿಲಲ್ಲೇ ಕೂತು ಮುದುಕರಾಗ್ತೀವಿ, ನೀನು ಪರದೆ ಹಿಂದೆ, ನಾನು ಮುಂದೆ."

ತಾಯಿ ಸುಲ್ತಾನ್ ಬೀಗೆ ಹೇಳಿದಳು. ಆಕೆ ರಾಗಿ ಬೀಸುತ್ತಿದ್ದವರು ಕಲ್ಲು ನಿಲ್ಲಿಸದೆಯೇ, ಮದ್ದೂರಲ್ಲಿ ಗಡ್ಡೆ ಇಲ್ಲದವರು ಯಾರಿದ್ದಾರೆ, ಪಕ್ಕದ ಮನೆಯ ಹಸೀನಾಳ ಮಗ ಆ ಹೊಟ್ಟೆ ಹೊತ್ತುಕೊಂಡೇ ಮರ ಹತ್ತುತ್ತಾನೆ, ಕಷಾಯ ಕುಡಿಸಿದರೆ ಕರಗುತ್ತದೆ ಎಂದುಬಿಟ್ಟರು. ಆವತ್ತು ರಾತ್ರಿ ಅಪ್ಪನಿಗೆ ಊಟ ಬಡಿಸಿ ನಜ್ಮುನ್ನೀಸಾ ಅಲ್ಲೇ ನಿಂತಳು. ಅವರು ತಲೆ ಎತ್ತಿ ಏನು ಎಂದರು.

"ಉಪ್ಪು ಸಾಕಾ, ಅಬ್ಬಾ?"

ಸಾಕು ಅಂದರು ಅವರು.

ಪರೀಕ್ಷೆಯ ಬೆಳಿಗ್ಗೆ ಅಕ್ರಂ ಹಿತ್ತಿಲ ಬಾಗಿಲ ಹಿಂದೆ ಹೋಗಿ ವಾಂತಿ ಮಾಡಿಕೊಂಡು, ಬೂದಿ ಎಳೆದು ಮುಚ್ಚಿ ಬಂದ. ಸೊಂಟಕ್ಕೆ ಪಟ್ಟಿ ಸುತ್ತಲು ಅಕ್ಕನನ್ನೇ ಕರೆದ. ಅವಳು ಸಡಿಲವಾಗಿ ಸುತ್ತಿದ್ದಕ್ಕೆ, ಬಿಗಿ ಬಿಗಿ ಎಂದು ತಾನೇ ಎಳೆದುಕೊಂಡ. ಕಣ್ಣಿನ ಬಿಳುಪು ಅರಿಶಿನವಾಗಿತ್ತು. ಬಿಜ್ಲಿಯ ಮೇಲೆ ಹತ್ತಿ ಬೀದಿಯ ತಿರುವು ದಾಟುವವರೆಗೆ ನೆಟ್ಟಗೇ ಇದ್ದ. ಬಾಬು ಜಾನ್ ಆಮೇಲೆ ಜಟಕಾ ಗಾಡಿಯ ಚಿಕ್ಕಣ್ಣನ ಜೊತೆ ಹೊರಡುವುದೆಂದು ನಿಶ್ಚಯವಾಗಿತ್ತು. ಅಪ್ಪ ಮೊದಲೇ ಹೋಗಿ ನಿಂತರೆ ಮಗ ತಡವರಿಸುತ್ತಾನೆಂದು ಅವರ ಲೆಕ್ಕ. ಸುಲ್ತಾನ್ ಬೀ ಶಾವಿಗೆಗೆ ಹಾಲು ಕಾಯಿಸಲು ಕೂತರು.

ನಜ್ಮುನ್ನೀಸಾ ಪರದೆ ಸರಿಸಿ ಹಿತ್ತಿಲಿಗೆ ಇಳಿದಳು. ಹಗಲು ಹೊತ್ತಿನಲ್ಲಿ ಅಲ್ಲಿ ಕಾಲಿಟ್ಟು ಹನ್ನೊಂದು ವರ್ಷವಾಗಿತ್ತು. ಮರದ ಕುದುರೆಯ ರಿಕಾಬಿಗೆ ಪಾದ ಕೊಟ್ಟು ಹತ್ತಿ ಕೂತಳು. ತಲೆಯ ಮೇಲಿನ ಸೆರಗು ಜಾರಿದ್ದನ್ನು ಸರಿಮಾಡಿಕೊಳ್ಳಲಿಲ್ಲ.

ಕೈಕಾಲು ತೊಳೆದು ತಿರುಗಿದ ಬಾಬು ಜಾನ್ ಅವಳ ಬೆನ್ನು ಕಂಡು ನಿಂತರು.

"ನಜ್ಮು, ಇಳಿ. ಯಾರಾದ್ರೂ ನೋಡಿದ್ರೆ ಏನಂದಾರು?"

ಅವಳು ಇಳಿಯಲಿಲ್ಲ. ತಿಂಗಳುಗಟ್ಟಲೆ ತೂತಿನಿಂದ ನೋಡಿದ್ದ ಆ ಕೂರುವ ಬಗೆಯನ್ನು ಮೈಗೆ ತಂದುಕೊಂಡಳು. ಎಡಕ್ಕೆ ಒಂದಿಷ್ಟು ವಾಲು, ಮುಂದಕ್ಕೆ ಒಂದಿಷ್ಟು ಬಾಗು, ಎಡಮೊಣಕೈ ಪಕ್ಕೆಗೆ ಅಂಟಿದಂತೆ, ಬಲಭುಜ ಮೇಲೆ.

"ನೋಡಿ ಹೇಳಿ, ಅಬ್ಬಾ. ಈ ಬೆನ್ನಿಗೆ ನೋವು ಎಲ್ಲಿ?"

ಬಾಬು ಜಾನ್ ಬೈಯಲು ಬಾಯಿ ತೆರೆದವರು ಬೈಯಲಿಲ್ಲ. ಬೆನ್ನು ಕಂಡರೆ ಓದದೆ ಬಿಡುವ ಕಣ್ಣಲ್ಲ ಅವರದು. ಕುಂಟುತ್ತಾ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು, ಮತ್ತೊಂದು ಹೆಜ್ಜೆ ಹಿಂದಕ್ಕೆ.

"ಎಡಗಡೆ," ಅಂದರು, ಪಾಠದ ದನಿಯಲ್ಲಿ. "ಪಕ್ಕೆಲುಬಿನ ಕೆಳಗೆ. ಮೂಳೆಯಲ್ಲಲ್ಲ, ಒಳಗೆ. ಒಳಗೆ ಏನೋ ಐತೆ, ಅದಕ್ಕೆ ಪೆಟ್ಟು ತಾಗಬಾರದು ಅಂತ ಕಾಯ್ಕೊಂಡು ಕೂತಿದ್ದೀಯ. ಇಂಥ ಬೆನ್ನು ಕುದುರೆ ಮೇಲೆ ಕೂರಬಾರದು, ಪೆಟ್ಟು ಬಿದ್ರೆ ಒಳಗೇ ಒಡೀತದೆ. ಯಾವಾಗಿಂದ ಐತೆ ನಿನಗೆ?"

"ನನಗಲ್ಲ, ಅಬ್ಬಾ."

ಅವಳು ಕುದುರೆಯ ಮೇಲಿಂದಲೇ ತಿರುಗಿ ನೋಡಿದಳು. ಅಷ್ಟು ದಿನ ಮಗನ ಬೆನ್ನನ್ನು ಅವರು ನೋಡಿರಲೇ ಇಲ್ಲ, ಆ ಜಾಗದಲ್ಲಿ ತಮ್ಮ ಬೆನ್ನನ್ನೇ ನೋಡುತ್ತಿದ್ದರು ಎಂಬುದು ನಜ್ಮುನ್ನೀಸಾಗೆ ಅವರ ಮುಖ ನೋಡಿದಾಗ ಹೊಳೆಯಿತು. ಅವರು ಗೋಡೆಗೆ ಒರಗಿಸಿದ್ದ ಬಿದಿರು ಕೋಲನ್ನು ಒಮ್ಮೆ ನೋಡಿದರು. ಆಮೇಲೆ ಬೀದಿ ಬಾಗಿಲಿಗೆ ಓಡಿದರು. ಮುರಿದ ಮಂಡಿಯಲ್ಲಿ ಅವರು ಓಡಿದ್ದನ್ನು ಅವಳು ಕಂಡದ್ದು ಅದೊಂದೇ ಸಲ.

ಬಿಸಿಲು ಹುಣಸೆ ಮರದ ನೆತ್ತಿಗೆ ಬಂತು. ಅವಳು ಬೀದಿ ಬಾಗಿಲ ಒಳಗೆ ಗೋಡೆಗೆ ಕಿವಿ ಕೊಟ್ಟು ನಿಂತಿದ್ದಳು. ಚಿಕ್ಕಣ್ಣನ ಕುದುರೆ ಯಾವಾಗಲೂ ಟಪಟಪನೆ ಬರುವುದು. ಈಗ ಬಂದದ್ದು ಒಂದೊಂದೇ ಹೆಜ್ಜೆಯಾಗಿ. ಒಳಗೆ ಕುಲುಕಬಾರದ ಏನೋ ಇದೆ ಎಂದು ಅವಳಿಗೆ ಗಾಡಿ ಕಾಣುವ ಮೊದಲೇ ತಿಳಿಯಿತು.

ಆದರೆ ಅಕ್ರಂ ಕೂತಿದ್ದ. ನಗುತ್ತಿದ್ದ.

"ತಕ್ಕೊಂಡ್ರು, ಆಪಾ," ಅಂದ. "ಬಿದ್ದರೂ ಎದ್ದು ಸಲಾಮು ಹೊಡೆದೆ. ಸಾಹೇಬರು ನನ್ನ ಹೆಸರು ಬರ್ಕೊಂಡ್ರು."

ಸುಲ್ತಾನ್ ಬೀ ಶಾವಿಗೆಯ ಬಟ್ಟಲು ಹಿಡಿದು ಗಾಡಿಯವರೆಗೂ ಬಂದರು. ಮಗನ ತುಟಿ ಸುಣ್ಣದಂತೆ ಬೆಳ್ಳಗಿದ್ದುದು ಆಗ ಕಂಡಿತು. ಹೊಟ್ಟೆ ನೋಯುತ್ತದೆಯೇ ಎಂದು ಕೇಳಿದರೆ, ಹೊಟ್ಟೆಯಲ್ಲ, ಎಡಭುಜ ನೋಯುತ್ತಿದೆ, ಬಿದ್ದದ್ದಕ್ಕಿರಬೇಕು ಎಂದ. ಬಾಬು ಜಾನ್ ಗಾಡಿಯಿಂದ ಇಳಿಯಲೇ ಇಲ್ಲ.

"ಚಿಕ್ಕಣ್ಣ, ಗಾಡಿ ತಿರುಗಿಸು. ಮಂಡ್ಯದ ಆಸ್ಪತ್ರೆಗೆ."

ನಜ್ಮುನ್ನೀಸಾ ಬುರ್ಖಾ ಹುಡುಕದೆ ಹತ್ತಿದಳು. ಅಕ್ರಂನ ತಲೆ ತಾಯಿಯ ತೊಡೆಯ ಮೇಲೆ, ಪಾದಗಳು ಅವಳ ಮಡಿಲಲ್ಲಿ. ಊರು ದಾಟುತ್ತಿದ್ದಂತೆ ಅವನಿಗೆ ಬಾಯಾರಿಕೆ ಹತ್ತಿತು, ಎಷ್ಟು ನೀರು ಕೊಟ್ಟರೂ ಸಾಲದು. ಅಂಗಿಯ ಕೆಳಗೆ ಹೊಟ್ಟೆ ಬಿಗಿಯಾಗುತ್ತಾ ಬಂತು. ಮಂಡಿ ಮಡಿಸಿಕೊಳ್ಳಲು ಹೊರಟವನು ಎದುರಿಗಿದ್ದ ಅಪ್ಪನನ್ನು ಕಂಡು ಮತ್ತೆ ಕಾಲು ಚಾಚಿದ.

"ಬಗ್ಗಿಕೋ ಬೇಟಾ," ಅಂದರು ಬಾಬು ಜಾನ್. "ಹೆಂಗೆ ಬೇಕೋ ಹಂಗೆ ಬಗ್ಗಿಕೋ. ನಾನು ಬೈಯಲ್ಲ."

ಅವನು ಬಗ್ಗಿಕೊಳ್ಳಲಿಲ್ಲ. ಗೆಜ್ಜಲಗೆರೆ ಇನ್ನೂ ದೂರವಿರುವಾಗಲೇ ಅವಳ ಮಡಿಲಿನಲ್ಲಿದ್ದ ಪಾದಗಳು ತಣ್ಣಗಾದವು. ಚಿಕ್ಕಣ್ಣ ಗಾಡಿ ನಿಲ್ಲಿಸಿ ಇಳಿದು, ಕುದುರೆಯ ಮೂಗು ಹಿಡಿದುಕೊಂಡು ರಸ್ತೆಯಲ್ಲೇ ನಿಂತ. ಎರಡು ಕಬ್ಬಿನ ಗಾಡಿಗಳು ಪಕ್ಕಕ್ಕೆ ಸರಿದು ಹೋದವು.

ಬಯಲಿನಲ್ಲಿ ಏನಾಯಿತೆಂದು ಅವಳಿಗೆ ತಿಳಿದದ್ದು ಮೂರನೆಯ ದಿನ, ಸತ್ತವನಿಗಾಗಿ ಓದುವ ಫಾತೆಹಾ ಮುಗಿದ ಮೇಲೆ. ಬಾಬು ಜಾನ್ ಮಸೀದಿಯಲ್ಲಿದ್ದರು. ಚಿಕ್ಕಣ್ಣ ಬಾಳೆಗೊನೆ ತಂದು ಜಗುಲಿಯ ಮೇಲಿಟ್ಟು, ಬಾಗಿಲ ಒಳಗಿದ್ದ ತಾಯಿ ಮಗಳಿಗೆ ಕೇಳುವಂತೆ, ನೆಲ ನೋಡುತ್ತಾ ಹೇಳಿದ.

ಗಾಡಿ ಬಯಲು ಮುಟ್ಟಿದಾಗ ಅಕ್ರಂನ ಸರದಿ ನಡೆಯುತ್ತಿತ್ತಂತೆ. ಸುತ್ತುಗಳೆಲ್ಲ ಮುಗಿದು, ಅಡ್ಡ ಕಟ್ಟಿದ ಬೊಂಬಿನ ಮೇಲಿಂದ ಕುದುರೆ ಹಾರಿಸುವುದೊಂದೇ ಉಳಿದಿತ್ತು. ಜಿಗಿಯುವಾಗ ಸವಾರ ಕುದುರೆಯ ಜೊತೆ ಮುಂದಕ್ಕೆ ಬಾಗಬೇಕು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಅಕ್ರಂ ಸರಿಯಾಗಿಯೇ ಬಾಗಿದ್ದ.

"ಸಾಬ್ರು ಗಾಡಿಯಿಂದ ಇಳಿದವ್ರೇ, ಜನಾನ ತಳ್ಕೊಂಡು ಮುಂದಕ್ಕೋದ್ರು ಕಣವ್ವ. ನಿಲ್ಸು ಅಂತ ಕೈ ಎತ್ತಿದ್ರು. ಬಾಯಿಂದ ಮಾತೇ ಬರ್ನಿಲ್ಲ ಅವ್ರಿಗೆ, ಉಸ್ರು ಕಟ್ಟೋಗಿತ್ತು. ಬರೀ ಕೈ." ಚಿಕ್ಕಣ್ಣ ತನ್ನ ಕೈ ಅರ್ಧ ಎತ್ತಿ, ಮತ್ತೆ ಇಳಿಸಿದ. "ಅವ್ನು ನೋಡ್ಬುಟ್ಟ. ನೋಡ್ದೇಟ್ಗೆ ನೆಟ್ಟಗಾಗ್ಬುಟ್ಟ. ಕುದ್ರೆ ಮೇಲಕ್ಕೋಯ್ತು, ಇವ್ನು ಹಿಂದ್ಕೆ ಉಳ್ಕೊಂಡ. ಕೆಳಗಿಳೀತಿದ್ದಂಗೆ ಜೀನಿನ ಮುಂದ್ಗಡೆ ಉಬ್ಬಿನ ಮ್ಯಾಲೆ ಹೊಟ್ಟೆ ಕೊಟ್ಟು ಬಿದ್ದ. ಆಮೇಲೆ ನೆಲಕ್ಕೆ."

ಚಿಕ್ಕಣ್ಣ ಜಗುಲಿಯ ಮೇಲಿದ್ದ ಗೊನೆಯನ್ನು ಬಾಗಿಲ ಹತ್ತಿರಕ್ಕೆ ಸರಿಸಿದ.

"ಎದ್ದು ನಿಂತು ಸಲಾಮು ಹೊಡ್ದ ನೋಡಿ. ಅಂಥ ಸಲಾಮು ನಾ ಕಂಡೇ ಇರ್ನಿಲ್ಲ," ಎಂದು ಹೇಳಿ ಅವನು ಹೊರಟುಹೋದ.

ಮೈಸೂರಿಗೆ ಬರಬೇಕೆಂದು ರಿಸಾಲೆಯಿಂದ ಕರೆ ಬಂದದ್ದು ಅದೇ ವಾರ. ಕರೆ ತಂದವನನ್ನು ಸುಲ್ತಾನ್ ಬೀ ಕೂರಿಸಿ ನೀರು ಕೊಟ್ಟು ಕಳಿಸಿದರು.

ಬಾಬು ಜಾನ್ ಬಿದಿರು ಕೋಲನ್ನು ಒಲೆಗೆ ಹಾಕಿದರು. ಬಲಗೈಯನ್ನು ಅಂಗಿಯ ಜೇಬಿನಿಂದ ಹೊರಗೆ ತೆಗೆಯುವುದೇ ಕಡಿಮೆಯಾಯಿತು. ಸಲಾಮು ಹೇಳಿದವರಿಗೆ ತಲೆಯಾಡಿಸಿ ಹೋಗುತ್ತಿದ್ದರು, ಗರ್ವ ಬಂದಿದೆ ಎಂದು ಕೆಲವರು ಅಂದುಕೊಂಡರು. ನಮಾಜಿನಲ್ಲಿ ಕೈ ಕಿವಿಯವರೆಗೆ ಎತ್ತಬೇಕಾದಾಗ ಅವರಿಗೆ ಏನಾಗುತ್ತಿತ್ತೋ, ಅದನ್ನು ನಜ್ಮುನ್ನೀಸಾ ನೋಡಲು ಹೋಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಗುತ್ತಲಿನ ಪುಟ್ಟರಾಜು ಎಂಬವನು ಬಂದ. ನಾಲೆಯ ಮೇಲ್ವಿಚಾರಣೆಗೆ ಹೊಸದಾಗಿ ಸೇರಿದ್ದ. ದಂಡೆಯ ಮೇಲೆ ಕುದುರೆಯಲ್ಲಿ ಓಡಾಡಬೇಕು, ಕಲಿಯದಿದ್ದರೆ ಕೆಲಸ ಉಳಿಯುವುದಿಲ್ಲ. ಬಂದವನೇ ಮರದ ಕುದುರೆಯ ಕಡೆ ನಡೆದ. ಬಾಬು ಜಾನ್ ಅವನನ್ನು ತಡೆದು ಹಗ್ಗದ ಮಂಚ ತೋರಿಸಿದರು.

"ಮೊದಲು ಮಲಕ್ಕೋ. ಅಂಗಿ ಮೇಲಕ್ಕೆತ್ತು."

"ನಾ ಸವಾರಿ ಕಲಿಯಕ್ಕೆ ಬಂದಿದ್ದು ಸಾಬ್ರೇ, ಹೆರಿಗೆಗಲ್ಲ," ಎಂದು ನಕ್ಕು ಅವನು ಮಲಗಿದ.

ಬಾಬು ಜಾನ್ ಜೇಬಿನಿಂದ ಬಲಗೈ ತೆಗೆದು ಅವನ ಎಡಪಕ್ಕೆಯ ಕೆಳಗೆ ಇಟ್ಟರು. ಒತ್ತಿದರು. ಇನ್ನೂ ಕೆಳಗೆ ಸರಿಸಿ ಒತ್ತಿದರು. ಆಮೇಲೆ, ಎಷ್ಟು ಹೊತ್ತಾದರೂ ಕೈ ತೆಗೆಯಲಿಲ್ಲ. ಪುಟ್ಟರಾಜು ತಲೆ ಎತ್ತಿ ಅವರ ಮುಖ ನೋಡಿದ.

"ನಜ್ಮು," ಎಂದು ಕರೆದರು ಅವರು. "ಬಾ ಇಲ್ಲಿ. ನೀನೂ ಒಂದ್ಸಲ ನೋಡು."

ಪರದೆಯ ಹಿಂದೆ ಅವಳಿಗೆ ತಾನು ಕೇಳಿದ್ದನ್ನು ನಂಬಲು ಆಗಲಿಲ್ಲ. ಅವರು ಮತ್ತೆ ಕರೆದರು. ಅವಳು ಸೆರಗು ಬಿಗಿದುಕೊಂಡು ಬಂದು, ಗಂಡಸಿನ ಮುಖ ನೋಡದೆ, ಅಪ್ಪನ ಕೈಯ ಪಕ್ಕದಲ್ಲಿ ತನ್ನ ಬೆರಳನ್ನು ಇಟ್ಟಳು. ತಮ್ಮನದಕ್ಕಿಂತ ಸಣ್ಣದು. ಆದರೆ ಇತ್ತು.

"ಐತೆ," ಅಂದಳು.

"ಅಯ್ಯೋ, ಯಾರ್ಗಿಲ್ಲ ಹೇಳಿ," ಅಂದ ಪುಟ್ಟರಾಜು ಎದ್ದು ಕೂರುತ್ತಾ. "ನಾಲೆ ನೀರು ಕುಡ್ಯೋ ನಾಯಿಗೂ ಐತೆ ನಮ್ಮೂರಲ್ಲಿ."

ಕ್ವಿನೈನು ನುಂಗಿ, ಇದು ಕರಗಿದ ಮೇಲೆ ಬಾ, ಅಲ್ಲಿಯವರೆಗೆ ನಡೆದೇ ಹೋಗು ಎಂದರು ಬಾಬು ಜಾನ್. ನಡೆದರೆ ಕೆಲಸ ಹೋಗುತ್ತದಲ್ಲ ಎಂದು ಅವನು ಎಷ್ಟು ಬೇಡಿದರೂ ಅವರು ಮರದ ಕುದುರೆಯ ಮೇಲೆ ಸಹ ಅವನನ್ನು ಕೂರಿಸಲಿಲ್ಲ. ಅವನು ಗೊಣಗುತ್ತಾ ಹೋದ. ಮಂಡ್ಯದಲ್ಲಿ ಬೇರೆ ಯಾರ ಹತ್ತಿರವೋ ಕಲಿಯುತ್ತೇನೆ ಎಂದು ಹೇಳಿಯೇ ಹೋದ.

ಅವನ ಹಿಂದೆ ಬಂದ ಇಬ್ಬರಿಗೂ ಗಡ್ಡೆಯಿತ್ತು. ಅವರ ಹಿಂದೆ ಬಂದವನಿಗೂ. ಹಾಗೆ ಒಬ್ಬೊಬ್ಬರನ್ನಾಗಿ ತಿರುಗಿ ಕಳಿಸುತ್ತಾ ಹೋದಂತೆ, ಸಂಕ್ರಾಂತಿಯ ಹೊತ್ತಿಗೆ ಬರುವವರೇ ಇಲ್ಲವಾದರು. ಜೀನಿನ ತೊಗಲು ಬಿಸಿಲಿಗೆ ಒಡೆಯಿತು, ರಾತ್ರಿ ಕೋಳಿಗಳು ಅದರ ಮೇಲೆ ಕೂರಲು ಕಲಿತವು.

ಗೋಣಿಯ ಪರದೆ ಹರಿದು ಬಿದ್ದಾಗ ಹೊಸದು ಕಟ್ಟಲು ಯಾರೂ ಹೇಳಲಿಲ್ಲ. ನಜ್ಮುನ್ನೀಸಾ ಬೆಳಿಗ್ಗೆ ಬೆಳಿಗ್ಗೆ ಆ ಬಾಗಿಲಲ್ಲಿ ನಿಂತು ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ಹುಣಸೆ ಮರದಡಿ, ಅವಳಿಗೆ ಬೆನ್ನು ಹಾಕಿ, ಅಪ್ಪ ಕೂತಿರುತ್ತಿದ್ದರು. ಅವರು ಎಡಕ್ಕೆ ಒಂದಿಷ್ಟು ವಾಲಿ, ಮುಂದಕ್ಕೆ ಒಂದಿಷ್ಟು ಬಾಗಿ ಕೂರುತ್ತಿದ್ದರು. ಅವರಿಗೆ ಜ್ವರ ಬಂದಿರಲಿಲ್ಲ. ಅವಳು ಅದನ್ನು ನೋಡಿ, ತಲೆ ತಗ್ಗಿಸಿ, ಮೊರದಲ್ಲಿ ಕಲ್ಲು ಹುಡುಕುತ್ತಿದ್ದಳು.